ಊರು ತೋರಿಸಿ ಇಂಗ್ಲಿಷ್ ಬರೆಸಿದ್ದು

ಇಂಗ್ಲಿಷ್ ಪಾಠ ಮಾಡುವವರ ಹಣೆಬರಹವೇ ಇಷ್ಟು. ಗಣಿತದವರಿಗೆ ಹೆಚ್ಚೆಂದರೆ ಉತ್ತರ ತಪ್ಪು ಬರುತ್ತೆ, ವಿಜ್ಞಾನದವರಿಗೆ ಹೆಚ್ಚೆಂದರೆ ಗಾಜಿನ ನಳಿಕೆ ಒಡೆಯುತ್ತೆ. ನಮಗೆ ಮಾತ್ರ ಮಕ್ಕಳು ಒಂದು ವಾಕ್ಯ ಬರೆದರೆ ಸಾಕು, ಊರೇ ಎದ್ದು ಬಂದು ಮೈಮೇಲೆ ಬೀಳುತ್ತೆ. ಪ್ರತಿ ಜೂನ್‌ನಲ್ಲೂ ‘ಈ ವರ್ಷ ಸುಮ್ಮನೆ ಪಾಠ ಮಾಡಿಕೊಂಡು ಹೋಗೋಣ, ಹೊಸದೇನೂ ಬೇಡ’ ಅಂದುಕೊಳ್ಳುತ್ತಿದ್ದೆ. ದಸರಾ ರಜೆ ಹತ್ತಿರ ಬರುವಷ್ಟರಲ್ಲಿ ಏನಾದರೊಂದು ಆಗಿಯೇ ಇರುತ್ತಿತ್ತು.

ನನ್ನ ಮನೆ ತುಮಕೂರಿನ ಸದಾಶಿವನಗರದಲ್ಲಿ. ತೊಂಬತ್ತರ ದಶಕದ ಶುರುವಿನಲ್ಲಿ ಗುಬ್ಬಿಯ ಒಂದು ಸರ್ಕಾರಿ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಸೇರಿದೆ. ದಿನಾ ಬಸ್ಸಲ್ಲಿ ಹೋಗಿ ಬರೋದು. ಮಕ್ಕಳೆಲ್ಲ ತೆಂಗು, ರಾಗಿ ಬೆಳೆಯೋರ ಮನೆಯವರು. ದಡ್ಡರಲ್ಲ. ಲೆಕ್ಕ ಬಾಯಲ್ಲೇ ಮಾಡುತ್ತಿದ್ದರು, ಕನ್ನಡ ಪದ್ಯ ರಾಗವಾಗಿ ಹೇಳುತ್ತಿದ್ದರು. ಇಂಗ್ಲಿಷ್ ಪೇಪರಲ್ಲಿ ಮಾತ್ರ ಸಾಲಾಗಿ ಮುಳುಗುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಹೋಯಿತು ಅಂದರೆ ಹುಡುಗರು ಕಾಯಿ ಸುಲಿಯೋಕೆ, ಹುಡುಗಿಯರು ಹಸೆಮಣೆಗೆ. ನನ್ನ ಮೊದಲ ವರ್ಷದ ರಿಸಲ್ಟ್ ದಿನ, ಎರಡು ಜಡೆಯ ಒಬ್ಬ ಹುಡುಗಿ ನೋಟಿಸ್ ಬೋರ್ಡ್ ನೋಡಿಕೊಂಡು ನೇರ ನನ್ನ ಹತ್ತಿರ ಬಂದಳು.

“ಎಲ್ಲಾ ಪಾಸು ಮಿಸ್. ನಿಮ್ದೊಂದೇ ಹೋಯ್ತು.”

ಅಷ್ಟು ಹೇಳಿ ನಕ್ಕಳು, ನನಗೆ ಬೇಜಾರಾಗಬಾರದು ಅಂತ. ಆ ವರ್ಷವೇ ಅವಳ ಮದುವೆಯಾಯಿತು. ‘ನಿಮ್ದೊಂದೇ’ ಅನ್ನೋ ಮಾತು ನನ್ನನ್ನು ಬಿಡಲಿಲ್ಲ. ಆಮೇಲೆ ಯಾರು ಏನು ಉಪಾಯ ಹೇಳಿದರೂ ಕಿವಿಗೊಡುವ ಸ್ಥಿತಿಗೆ ಬಂದೆ.

ದಾರಿ

ಉಪಾಯ ಹೇಳಿದವರು ಬೆಂಗಳೂರಿನಿಂದ ಬಂದ ಒಬ್ಬ ತರಬೇತುದಾರರು. ತುಮಕೂರಿನಲ್ಲಿ ಜಿಲ್ಲೆಯ ಇಂಗ್ಲಿಷ್ ಶಿಕ್ಷಕರಿಗೆಲ್ಲ ತರಬೇತಿ. ಖಾದಿ ಜುಬ್ಬಾ, ಜೋಳಿಗೆ, ಒಳ್ಳೇ ಉತ್ಸಾಹ.

“ನಿಮ್ಮ ಮಕ್ಕಳು ಹಿಮ ನೋಡಿದಾರಾ? ಹಡಗು ನೋಡಿದಾರಾ? ಅದರ ಮೇಲೆ ಪ್ರಬಂಧ ಬರಿ ಅಂದ್ರೆ ಪಾಪ ಏನು ಬರೀತಾರೆ? ಸಂತೆಗೆ ಕರ್ಕೊಂಡು ಹೋಗಿ. ಬಸ್ ಸ್ಟ್ಯಾಂಡಿಗೆ ಹೋಗಿ. ಕೆರೆ, ಬೆಟ್ಟ, ಬೀದಿ ತೋರಿಸಿ. ಕಂಡದ್ದನ್ನ ಬರೆಸಿ. ಇಂಗ್ಲಿಷ್ ತಾನಾಗೇ ಬರ್ತದೆ!”

ನನಗೆ ಎದ್ದು ನಿಂತು ಕೈಮುಗಿಯಬೇಕು ಅನ್ನಿಸಿತು.

ಮಾದರಿಗೆ ನಮ್ಮಿಂದಲೇ ಬರೆಸಿದರು. ಆ ಹಾಲ್‌ನಿಂದ ತುಮಕೂರು ಬಸ್ ಸ್ಟ್ಯಾಂಡಿಗೆ ದಾರಿ ಹೇಗೆ ಅಂತ ಹೊಸಬರಿಗೆ ತಿಳಿಯುವ ಹಾಗೆ ಇಂಗ್ಲಿಷ್‌ನಲ್ಲಿ ಬರೆಯಬೇಕು. ಎಲ್ಲರೂ ಬಗ್ಗಿಕೊಂಡು ಬರೆದೆವು. ಅವರು ಎಲ್ಲಾ ಓದಿ, ತಲೆ ನರೆತ ಒಬ್ಬ ಹಿರಿಯ ಮೇಷ್ಟ್ರ ಬರಹ ಎತ್ತಿ ಹಿಡಿದರು. ‘ಪ್ರೊಸೀಡ್’ ಇತ್ತು, ‘ದೇರ್‌ಆಫ್ಟರ್’ ಇತ್ತು, ಒಂದು ಅರಳಿಮರದ ವರ್ಣನೆಯಂತೂ ಓದಿದರೆ ನೆರಳು ಬಿದ್ದ ಹಾಗಿತ್ತು. ‘ಒಂದೇ ಒಂದು ತಪ್ಪಿಲ್ಲ!’ ಅಂತ ಘೋಷಿಸಿದರು. ಚಪ್ಪಾಳೆ ಹೊಡೆದೆವು.

ಸಂಜೆ ತರಬೇತುದಾರರು ಆ ಹಾಳೆಯನ್ನೇ ಜೇಬಿಗೆ ಹಾಕಿಕೊಂಡರು. “ಇದನ್ನೇ ನೋಡ್ಕೊಂಡು ನಡ್ಕೊಂಡು ಹೋಗ್ತೀನಿ. ಬರವಣಿಗೆಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?” ಅಂದು ಹೊರಟರು.

ನಾವು ನಮಗೆ ಗೊತ್ತಿದ್ದ ದಾರಿಯಲ್ಲಿ ಬಸ್ ಸ್ಟ್ಯಾಂಡಿಗೆ ಬಂದು, ಕಾಫಿ ಕುಡಿದು, ಸೀಟು ಹಿಡಿದು ಕೂತೆವು. ಬಸ್ಸು ಹೊರಡುವ ಹೊತ್ತಿಗೆ ಒಂದು ಆಟೋ ಬಂದು ನಿಂತಿತು. ಜುಬ್ಬಾ ತುಂಬಾ ಕೆಂಧೂಳು ಮೆತ್ತಿಕೊಂಡು ತರಬೇತುದಾರರು ಇಳಿದರು. ಅವರು ಊರ ಹೊರಗಿನ ಕ್ಯಾತ್ಸಂದ್ರದ ಕಡೆ ಹೋಗಿಬಿಟ್ಟಿದ್ದರಂತೆ. ಕಿಟಕಿಯಲ್ಲಿ ಹಿರಿಯ ಮೇಷ್ಟ್ರನ್ನು ಕಂಡು ಆ ಹಾಳೆಯನ್ನು ಎತ್ತಿ ತೋರಿಸಿದರು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿ ನೋಡಿದರು. “ಎಡ ಬಲ ಸ್ವಲ್ಪ ಅದಲುಬದಲು ಆಗೈತೆ ಸಾರ್,” ಅಂದರು. ಆಮೇಲೆ ಸಮಾಧಾನದ ದನಿಯಲ್ಲಿ, “ಆದ್ರೆ ಒಂದೂ ತಪ್ಪಿಲ್ಲ ಅಂತ ತಾವೇ ಹೇಳಿದ್ರಲ್ಲ!” ಅಂದರು.

ನದಿ

ನಾನು ಅದನ್ನೇ ಶಕುನ ಅಂತ ತಿಳಿದು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಗುಬ್ಬಿಗೆ ಹೋಗಿ ಹತ್ತನೇ ಕ್ಲಾಸಿನವರಿಗೆ ‘ನಮ್ಮ ಊರು’ ಅಂತ ಇಂಗ್ಲಿಷ್‌ನಲ್ಲಿ ಬರೆಯೋಕೆ ಕೊಟ್ಟೆ. ಎಲ್ಲರೂ ಚಕಚಕ ಬರೆದರು. ಖುಷಿಯಾಯಿತು. ಓದಿದೆ. ಮೊದಲ ಹುಡುಗನ ಊರು ನದಿಯ ದಡದಲ್ಲಿತ್ತು. ಎರಡನೆಯವಳದೂ ನದಿಯ ದಡದಲ್ಲೇ ಇತ್ತು. ಕೊನೆಯ ಬೆಂಚಿನವರೆಗೂ ನದಿ ಹರಿಯಿತು. ಎಲ್ಲರ ನದಿಯಲ್ಲೂ ಬಾತುಕೋಳಿ, ಎಲ್ಲರ ದಡದಲ್ಲೂ ದನ ಕಾಯುವವನ ಕೊಳಲು.

“ಏನ್ರೋ ಇದು? ಗುಬ್ಬಿಲಿ ನದಿ ಎಲ್ಲಿದೆ?”

“ಗೈಡಲ್ಲಿದೆ ಮಿಸ್.”

“ಗೈಡಲ್ಲಿದ್ರೆ ಊರಲ್ಲಿ ಇರ್ಬೇಕಲ್ಲ?”

ಹಿಂದಿನ ಬೆಂಚಿನಿಂದ ಒಬ್ಬ ನಿಧಾನವಾಗಿ ಎದ್ದ. ಮನೆಯಲ್ಲಿ ಅಪ್ಪನ ಜೊತೆ ಕೊಬ್ಬರಿ ವ್ಯಾಪಾರಕ್ಕೆ ಹೋಗುತ್ತಿದ್ದವನು, ವ್ಯವಹಾರ ಗೊತ್ತು. “ಮಿಸ್, ಪೇಪರ್ ತಿದ್ದೋರು ಬೇರೆ ಜಿಲ್ಲೆಯೋರು. ಅವ್ರೇನು ಗುಬ್ಬಿ ನೋಡವ್ರಾ? ನದಿ ಇದ್ರೆ ಮಾರ್ಕ್ಸ್ ಬೀಳ್ತದೆ ಬುಡಿ.”

ನನಗೆ ಹಟ ಬಂತು. ಮಾರನೇ ದಿನ ಇಡೀ ಕ್ಲಾಸನ್ನು ಸಾಲಾಗಿ ನಡೆಸಿಕೊಂಡು ಹೊರಟೆ. ಊರಿನ ನಾಲ್ಕೂ ದಿಕ್ಕಿಗೆ ಹೋದೆವು. ರೈಲ್ವೆ ಹಳಿ ತೋರಿಸಿದೆ, ಕೆರೆ ತೋರಿಸಿದೆ, ತೆಂಗಿನ ತೋಟ ತೋರಿಸಿದೆ. ಅಂಗಡಿಯವರು ಎದ್ದು ನಿಂತು, “ಏನ್ ಮೇಡಂ, ಮೆರವಣಿಗೆನಾ?” ಅಂದರು. “ನದಿ ಹುಡುಕ್ತಿದೀವಿ” ಅಂತ ಹುಡುಗರೇ ಉತ್ತರ ಕೊಟ್ಟರು. ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲಿಗೆ ಹೋಯ್ತಂತವ್ವಾ?” ಅಂತ ಕೇಳಿದ.

ಶಾಲೆಗೆ ವಾಪಸ್ ಬಂದ ಮೇಲೆ ಗಂಟಲು ಹರಿದುಕೊಂಡು ಹೇಳಿದೆ. “ನೋಡಿದ್ರಲ್ಲ? ನದಿ ಇಲ್ಲ. ಇರೋದನ್ನ ಬರೀಬೇಕು.” ಎಲ್ಲರೂ ಒಟ್ಟಿಗೆ “ಎಸ್ ಮಿಸ್” ಅಂದರು.

ತಿಂಗಳ ಪರೀಕ್ಷೆಯಲ್ಲಿ ಮತ್ತೆ ಅದೇ ಪ್ರಶ್ನೆ ಕೊಟ್ಟೆ. ಆ ಕೊಬ್ಬರಿ ವ್ಯಾಪಾರದ ಹುಡುಗನ ಉತ್ತರ ಮೊದಲ ಬಾರಿಗೆ ಗೈಡಿನಲ್ಲಿ ಇಲ್ಲದ್ದಾಗಿತ್ತು. ಮೊದಲ ಎರಡು ಸಾಲು ಇವತ್ತಿಗೂ ಬಾಯಿಪಾಠವಾಗಿದೆ: ‘ಮೈ ಟೌನ್ ವಾಸ್ ಆನ್ ದ ಬ್ಯಾಂಕ್ ಆಫ್ ಎ ರಿವರ್. ಅವರ್ ಮಿಸ್ ಹ್ಯಾಸ್ ರಿಮೂವ್ಡ್ ದ ರಿವರ್.’

ಸಂತೆ

ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅದರಲ್ಲೊಂದು ಆಸೆ ಕಂಡಿತ್ತು ನನಗೆ. ಹುಡುಗ ತನ್ನದೇ ವಾಕ್ಯ ಬರೆದಿದ್ದನಲ್ಲ! ಹಾಗಾಗಿ ಮುಂದಿನ ಸಲ ಸಂತೆಯ ದಿನ ಕರೆದುಕೊಂಡು ಹೋದೆ. ಸಂತೆ ಅಂದರೆ ಬಣ್ಣ, ಸದ್ದು, ವಾಸನೆ. ಬರೆಯೋಕೆ ಇನ್ನೇನು ಬೇಕು?

ಒಂದೇ ಒಂದು ವಿಷಯ ನನಗೆ ಹೊಳೆದಿರಲಿಲ್ಲ. ಸಂತೆಯಲ್ಲಿ ವ್ಯಾಪಾರ ಮಾಡುವವರೆಲ್ಲ ಇವರ ಅಪ್ಪ ಅಮ್ಮಂದಿರೇ.

ಹುಣಸೇಹಣ್ಣಿನ ಸಾಲಿನಲ್ಲಿ ಮೊದಲ ಹುಡುಗ ಹೋದ. “ಲೇ, ಬಾರ್ಲಾ ಇಲ್ಲಿ! ತಕ್ಕಡಿ ಹಿಡ್ಕೊ, ಒಂದು ಟೀ ಕುಡ್ಕೊಂಡ್ ಬತ್ತೀನಿ” ಅಂತ ಅವನಪ್ಪ ಕೈ ಹಿಡಿದು ಎಳೆದುಕೊಂಡ. ಸೊಪ್ಪಿನ ಸಾಲಿನಲ್ಲಿ ಹುಡುಗಿಯರು ಹೋದರು. ಒಬ್ಬನ ಸೋದರಮಾವ ಮೂಟೆ ಹೊರಿಸಿದ. “ಇಂಗ್ಲಿಷ್ ಮೇಡಮ್ಮೋರೇ, ಒಳ್ಳೇ ಕೆಲಸ ಮಾಡಿದ್ರಿ, ಸಂತೆ ದಿನ ಸ್ಕೂಲಿಗೆ ಓಯ್ತಾರೆ ಅಂತ ನಮಗೂ ಕಷ್ಟ ಆಗಿತ್ತು” ಅಂತ ಒಬ್ಬ ತಾಯಿ ಆಶೀರ್ವಾದ ಮಾಡಿದಳು. ಸಂತೆಯ ಆ ತುದಿ ಮುಟ್ಟುವಾಗ ನನ್ನ ಹಿಂದೆ ಯಾರೂ ಇರಲಿಲ್ಲ.

ಹೇಗೂ ಬಂದಾಗಿದೆ ಅಂತ ಕೊತ್ತಂಬರಿ ಸೊಪ್ಪು ಕೇಳಿದೆ. ಸೊಪ್ಪಿನ ರಾಶಿಯ ಹಿಂದೆ ಅಮ್ಮನ ಜಾಗದಲ್ಲಿ ಕೂತಿದ್ದವಳು ನನ್ನ ಕ್ಲಾಸಿನ ಹುಡುಗಿಯೇ. ಅವಳು ಬೆಲೆ ಹೇಳಿದಳು. ನಾನು ಅಭ್ಯಾಸಬಲದಿಂದ ಅರ್ಧಕ್ಕೆ ಕೇಳಿದೆ. ಅವಳು “ಮಿಸ್...” ಅಂದಳು. ನಾನು ಬಿಡಲಿಲ್ಲ.

ಮಾರನೇ ದಿನ ಕ್ಲಾಸಿನಲ್ಲಿ ಕೂರಿಸಿ ಸಂತೆಯ ಬಗ್ಗೆ ಬರೆಸಿದೆ. ಆ ವಾರವೇ ಇನ್‌ಸ್ಪೆಕ್ಷನ್‌ಗೆ ಸಾಹೇಬರು ಬಂದರು. ‘ಸ್ಥಳೀಯ ಪರಿಸರದ ಮೂಲಕ ಬೋಧನೆ’ ಅಂತ ಹೆಡ್‌ಮಾಸ್ಟರು ಹೆಮ್ಮೆಯಿಂದ ಸಂತೆಯ ಪ್ರಬಂಧಗಳ ಕಟ್ಟು ಮುಂದಿಟ್ಟರು. ಸಾಹೇಬರು ನಡುವಿನಿಂದ ಒಂದನ್ನು ಎಳೆದು ಗಟ್ಟಿಯಾಗಿ ಓದಿದರು: ‘ಐ ವೆಂಟ್ ಟು ದ ಮಾರ್ಕೆಟ್. ಐ ಸಾ ಅವರ್ ಮಿಸ್. ಅವರ್ ಮಿಸ್ ಈಸ್ ವೆರಿ ಚೀಪ್.’

ಹೆಡ್‌ಮಾಸ್ಟರು ಉಳಿದ ಕಟ್ಟನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ನಾನು ಗೋಡೆ ನೋಡಿದೆ. ಸಾಹೇಬರು ಬರೆದವಳನ್ನು ಕರೆಸಿದರು. ಅದೇ ಸೊಪ್ಪಿನ ಹುಡುಗಿ ಬಂದು ನಿಂತಳು.

“ಏನಮ್ಮಾ, ಚೀಪ್ ಅಂದ್ರೆ ಏನು ಅರ್ಥ ಗೊತ್ತಾ?”

“ಗೊತ್ತು ಸಾರ್. ಮಿಸ್ಸೇ ಹೇಳ್ಕೊಟ್ಟಿದ್ದು. ಕಮ್ಮಿ ಬೆಲೆ ಅಂತ. ಮಿಸ್ ಕಮ್ಮಿಗೆ ಕೇಳಿದ್ರು.”

“ಎಷ್ಟು ಕಮ್ಮಿಗೆ?”

“ಅರ್ಧಕ್ಕೆ ಸಾರ್. ಆಮೇಲೆ ಮೇಲೊಂದು ಕಟ್ಟು ಕೊಸರು ಹಾಕ್ಕೊಂಡ್ ಹೋದ್ರು.”

ಸಾಹೇಬರು ನನ್ನ ಕಡೆ ನೋಡಿದರು. ಮತ್ತೆ ಹಾಳೆ ನೋಡಿದರು. “ಹಂಗಾದ್ರೆ ವಾಕ್ಯ ಸರಿ ಇದೆ” ಅಂತ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿದರು.

ಮಂಜು

ಆ ವರ್ಷವೂ ಇಂಗ್ಲಿಷ್ ರಿಸಲ್ಟ್ ಏಳಲಿಲ್ಲ. ಸೊಪ್ಪಿನ ಹುಡುಗಿ ಪಾಸಾದಳು ಅನ್ನೋದೊಂದೇ ಸಮಾಧಾನ. ಬೇಸರ ಎಷ್ಟಿತ್ತೆಂದರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರು ‘ಏನು ಕೆಲಸ ನಿಮ್ದು?’ ಅಂದರೆ ‘ಹೊಲಿಗೆ’ ಅಂತ ಹೇಳೋಕೆ ಶುರುಮಾಡಿದ್ದೆ.

ಹಾಗಿದ್ದರೂ ಇನ್ನೊಂದು ಸಲ ನೋಡೋಣ ಅಂತ, ಒಂದು ಚಳಿಗಾಲ ಇಡೀ ಕ್ಲಾಸನ್ನು ದೇವರಾಯನದುರ್ಗಕ್ಕೆ ಹೊರಡಿಸಿದೆ. ಬೆಟ್ಟದ ಮೇಲಿನಿಂದ ಕಾಡು, ಊರು, ಕೆರೆ ಎಲ್ಲಾ ಕಾಣುತ್ತೆ. ಅದನ್ನು ಅಲ್ಲೇ ಕೂತು ಬರೆಯಬೇಕು. ಹೆಡ್‌ಮಾಸ್ಟರು ಬೇಡ ಅಂದರು, ನಾನು ಅಂಗಲಾಚಿದೆ. ‘ಮಧ್ಯಾಹ್ನದ ಒಳಗೆ ವಾಪಸ್ ಬರಬೇಕು, ಕೋತಿ ಕಚ್ಚಿದರೆ ನಾನು ಜವಾಬ್ದಾರನಲ್ಲ’ ಅನ್ನೋ ಷರತ್ತಿನ ಮೇಲೆ ಒಪ್ಪಿದರು. ಬೆಳಗಾಗುವ ಮುಂಚೆಯೇ ಹೊರಟೆವು. ದಾರಿಯುದ್ದಕ್ಕೂ ನಾನು ಒಂದೇ ಮಾತು ಹೇಳಿಕೊಡುತ್ತಿದ್ದೆ.

“ಗೈಡಲ್ಲಿರೋದು ಬೇಡ. ಅಕ್ಕಪಕ್ಕ ನೋಡಿ ಬರೆಯೋದು ಬೇಡ. ಕಣ್ಣಿಗೆ ಏನು ಕಾಣುತ್ತೋ ಅದನ್ನಷ್ಟೇ ಬರೀಬೇಕು. ಗೊತ್ತಾಯ್ತಾ?”

ಬೆಟ್ಟ ಹತ್ತಿ ಬಂಡೆಯ ಮೇಲೆ ಸಾಲಾಗಿ ಕೂರಿಸಿದೆ. ಎದುರಿಗೆ ಬಿಳಿ. ಮಂಜು ಬೆಟ್ಟವನ್ನು ಕಂಬಳಿ ಹೊದಿಸಿದ ಹಾಗೆ ಮುಚ್ಚಿತ್ತು. ಪಕ್ಕದಲ್ಲಿ ಕೂತವರ ಮೂಗಿನ ತುದಿ ಬಿಟ್ಟರೆ ಏನೂ ಕಾಣುತ್ತಿಲ್ಲ. ಈಗ ಸರಿಯುತ್ತೆ, ಇನ್ನೇನು ಸರಿಯುತ್ತೆ ಅಂತ ಕಾದೆ. ತಂದಿದ್ದ ಚಿತ್ರಾನ್ನ ಖಾಲಿಯಾಯಿತು. ದೇವಸ್ಥಾನದ ಗಂಟೆ ಕೇಳಿಸಿತು, ದೇವಸ್ಥಾನ ಕಾಣಿಸಲಿಲ್ಲ. ಬಸ್ಸಿನವನು ಹಾರ್ನ್ ಹೊಡೆಯೋಕೆ ಶುರುಮಾಡಿದ. ಬರೆದಷ್ಟನ್ನು ಇಸಿದುಕೊಂಡು ಇಳಿಯಲೇಬೇಕಾಯಿತು.

ಬಸ್ಸಿನಲ್ಲಿ ಕೂತು ತಿದ್ದೋಕೆ ತೆಗೆದೆ. ಮೊದಲನೇ ಹಾಳೆ: ‘ಐ ಕ್ಯಾನಾಟ್ ಸೀ ಎನಿಥಿಂಗ್.’ ಎರಡನೆಯದೂ ಅದೇ. ಮೂರನೆಯದೂ ಅದೇ. ಇಡೀ ಕಟ್ಟು ತಿರುವಿದೆ. ಪ್ರತಿಯೊಬ್ಬರದೂ ಅದೇ ವಾಕ್ಯ. ಸ್ಪೆಲಿಂಗ್ ಸರಿ, ಕ್ರಿಯಾಪದ ಸರಿ, ಫುಲ್‌ಸ್ಟಾಪ್ ಸಹ ಇದೆ. ನನ್ನ ಅಷ್ಟು ವರ್ಷದ ಸರ್ವಿಸ್‌ನಲ್ಲಿ ಒಂದು ಕ್ಲಾಸು ಪೂರ್ತಿ ತಪ್ಪಿಲ್ಲದೆ ಬರೆದದ್ದು ಅದೇ ಮೊದಲು.

“ಎಲ್ರೂ ಒಬ್ಬರನ್ನೊಬ್ಬರು ನೋಡಿ ಬರೆದ್ರಾ?” ಅಂತ ರೇಗಿದೆ.

ಮುಂದಿನ ಸೀಟಿನ ಹುಡುಗಿ ಹಿಂದೆ ತಿರುಗಿದಳು. “ಇಲ್ಲ ಮಿಸ್, ನೋಡಿ ಬರೆಯೋಣ ಅಂದ್ರೆ ಅದೂ ಕಾಣ್ಲಿಲ್ಲ.”

ನಾಯಿ

ಮಕ್ಕಳಲ್ಲಿ ಸೋತವಳು ದೊಡ್ಡವರಲ್ಲಾದರೂ ಗೆಲ್ಲೋಣ ಅಂತ ಒಂದು ಬೇಸಿಗೆ ರಜೆಯಲ್ಲಿ ಸದಾಶಿವನಗರದ ನನ್ನ ಮನೆಯ ಜಗಲಿಯಲ್ಲೇ ಕ್ಲಾಸು ತೆರೆದೆ. ಬಂದವರು ಬೀದಿಯ ಗೃಹಿಣಿಯರು. ಮಕ್ಕಳನ್ನು ಕಾನ್ವೆಂಟಿಗೆ ಸೇರಿಸಿದ್ದರು. ಮಗುವಿಗೆ ಜ್ವರ ಬಂದರೆ ಡೈರಿಯಲ್ಲಿ ಇಂಗ್ಲಿಷ್‌ನಲ್ಲೇ ಎರಡು ಸಾಲು ಬರೆದು ಕಳಿಸಬೇಕು. ಅದೊಂದು ಬಂದರೆ ಸಾಕು ಅಂತ ಅವರ ಬೇಡಿಕೆ. ನಾನು ಅಷ್ಟಕ್ಕೇ ನಿಲ್ಲಿಸದೆ ‘ನಮ್ಮ ಬೀದಿ’ ಅಂತ ಬರೆಯೋಕೆ ಕೊಟ್ಟೆ.

ಅವರಲ್ಲಿ ಇಬ್ಬರದು ಎದುರುಬದುರು ಮನೆ. ಒಬ್ಬರ ಮನೆಯಲ್ಲಿ ನಾಯಿ ಇತ್ತು, ಇನ್ನೊಬ್ಬರ ಮನೆಗೆ ಗೇಟು ಇತ್ತು. ಸಮಸ್ಯೆ ಅಲ್ಲಿಂದಲೇ. ಇಬ್ಬರಿಗೂ ಮಾತು ಬಿಟ್ಟಿತ್ತು. ಕ್ಲಾಸಿನಲ್ಲಿ ಎರಡು ತುದಿಯಲ್ಲಿ ಕೂರುತ್ತಿದ್ದರು.

ಗೇಟಿನ ಮನೆಯಾಕೆ ಬರೆದದ್ದನ್ನು ಗಟ್ಟಿಯಾಗಿ ಓದಿದಳು: ‘ಅವರ್ ಸ್ಟ್ರೀಟ್ ಈಸ್ ಕ್ಲೀನ್. ಬಟ್ ಒನ್ ಹೌಸ್ ಡಾಗ್ ಈಸ್ ಡರ್ಟಿ.’ ಮಾರನೇ ದಿನ ನಾಯಿಯ ಮನೆಯಾಕೆ ಎದ್ದು ನಿಂತಳು: ‘ಅವರ್ ಡಾಗ್ ಈಸ್ ಕ್ಲೀನ್. ಬಟ್ ಒನ್ ಹೌಸ್ ಮೌತ್ ಈಸ್ ಡರ್ಟಿ.’

ಅಲ್ಲಿಂದ ಇಬ್ಬರೂ ಹುರುಪಿನಿಂದ ಬರೆಯತೊಡಗಿದರು. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಶ್ರದ್ಧೆಯಿಂದ ಬರೆದದ್ದಿಲ್ಲ. ಬರೆದದ್ದನ್ನು ನನ್ನ ಹತ್ತಿರ ತಿದ್ದಿಸಿಕೊಂಡು, ಹಾಳೆ ಮಡಿಸಿ ಎದುರು ಮನೆಯ ಬಾಗಿಲಲ್ಲಿ ಸಿಕ್ಕಿಸಿ ಬರುತ್ತಿದ್ದರು. ಅದಕ್ಕೆ ಬಂದ ಉತ್ತರವನ್ನೂ ನಾನೇ ತಿದ್ದಬೇಕು. ಬೆಳಿಗ್ಗೆ ಒಬ್ಬರ ಪರ, ಸಂಜೆ ಇನ್ನೊಬ್ಬರ ಪರ. ಜಗಳ ತಣ್ಣಗಾಗಲಿ ಅಂತ ಕರ್ಮಣಿ ಪ್ರಯೋಗ ಹೇಳಿಕೊಟ್ಟೆ. ‘ನಿಮ್ಮ ನಾಯಿ ನಮ್ಮ ಗೇಟು ಹಾಳುಮಾಡಿತು’ ಅನ್ನಬೇಡಿ, ‘ಗೇಟು ಹಾಳುಮಾಡಲ್ಪಟ್ಟಿದೆ’ ಅನ್ನಿ, ಯಾರಿಗೂ ನೋವಾಗಲ್ಲ ಅಂದೆ.

ಮಾರನೇ ಬೆಳಿಗ್ಗೆಯೇ ನಾಯಿಯ ಮನೆಯಾಕೆ ಹಾಳೆ ಹಿಡಿದು ಓಡಿಬಂದಳು. ಮುಖದಲ್ಲಿ ಗೆಲುವು. “ನೋಡಿದ್ರಾ ಮೇಡಂ? ನಾಯಿ ಹೆಸರೇ ಎತ್ತಿಲ್ಲ. ಹೆದರ್ಕೊಂಡವ್ಳೆ!”

ಕೊನೆಗೆ ಆಕೆಯ ಗಂಡ ಬಂದರು. ಶಾಂತ ಸ್ವಭಾವದವರು, ಬ್ಯಾಂಕಿನಲ್ಲಿ ಕೆಲಸ. ಚಪ್ಪಲಿ ಬಿಟ್ಟು, ಜಗಲಿಯ ತುದಿಯಲ್ಲಿ ಕೂತು, ಕೈಮುಗಿದರು.

“ಮೇಡಂ, ಮುಂಚೆ ಜಗಳ ಕನ್ನಡದಲ್ಲಿತ್ತು. ಬೆಳಿಗ್ಗೆ ಶುರುವಾದ್ರೆ ಹಾಲು ಉಕ್ಕೋದ್ರೊಳಗೆ ಮುಗೀತಿತ್ತು. ಈಗ ಬರೆದು, ತಿದ್ದಿಸಿ, ಫೇರ್ ಕಾಪಿ ಮಾಡಿ ಜಗಳ ಆಡೋ ಹೊತ್ತಿಗೆ ವಾರ ಆಗ್ತಿದೆ. ಮನೇಲಿ ಊಟ ಇಲ್ಲ. ದಯವಿಟ್ಟು ಇಬ್ಬರನ್ನೂ ಫೇಲ್ ಮಾಡ್ಬಿಡಿ.”

ಬಸ್ಸು

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಬಡ್ತಿ ಸಿಕ್ಕಿ ಕುಣಿಗಲ್‌ನ ಒಂದು ಪಿಯು ಕಾಲೇಜಿಗೆ ವರ್ಗವಾಯಿತು. ಕಾಲೇಜು ಊರಿನ ಹೊರಗೆ, ಹೆದ್ದಾರಿಯಿಂದ ಒಳಗೆ ಹೋಗುವ ಒಂದು ರಸ್ತೆಯ ಪಕ್ಕ. ಹಳ್ಳಿಗಳ ಕಡೆಯಿಂದ ಬೆಳಿಗ್ಗೆ ಬರುವುದು ಒಂದೇ ಬಸ್ಸು. ಅದರ ತುಂಬಾ ನಮ್ಮ ವಿದ್ಯಾರ್ಥಿಗಳೇ, ಹೆಚ್ಚಿನವರು ಹುಡುಗಿಯರು. ಆದರೆ ಕಾಲೇಜಿನ ಹತ್ತಿರ ಸ್ಟಾಪ್ ಇಲ್ಲ. ಬಸ್ಸು ಕಾಲೇಜಿನ ಗೇಟಿನ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಗಿ, ಊರೊಳಗಿನ ಬಸ್ ಸ್ಟ್ಯಾಂಡಿನಲ್ಲಿ ಇವರನ್ನು ಇಳಿಸುತ್ತಿತ್ತು. ಅಲ್ಲಿಂದ ಇವರು ಬಂದ ದಾರಿಯಲ್ಲೇ ನಡೆದು ವಾಪಸ್ ಬರಬೇಕು. ಬರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಆ ಪೀರಿಯಡ್ ಇಂಗ್ಲಿಷ್. ದಿನಾ ನಾನು ಖಾಲಿ ಬೆಂಚುಗಳಿಗೆ ಪಾಠ ಮಾಡುತ್ತಾ, ಕಿಟಕಿಯಾಚೆ ನನ್ನ ವಿದ್ಯಾರ್ಥಿನಿಯರು ಬಸ್ಸಿನಲ್ಲಿ ಹಾದುಹೋಗುವುದನ್ನು ನೋಡುತ್ತಿದ್ದೆ. ಅವರೂ ನನ್ನನ್ನು ನೋಡುತ್ತಿದ್ದರು.

ಸಿಲಬಸ್ಸಿನಲ್ಲಿ ‘ಅಧಿಕಾರಿಗಳಿಗೆ ಪತ್ರ’ ಅಂತ ಒಂದು ಭಾಗ. ಹಳೇ ಚಟ ತಲೆ ಎತ್ತಿತು. ಇದಕ್ಕಿಂತ ಒಳ್ಳೇ ವಿಷಯ ಎಲ್ಲಿ ಸಿಗಬೇಕು? ಮಧ್ಯಾಹ್ನದ ಕ್ಲಾಸಿನಲ್ಲಿ ಎಲ್ಲರೂ ಸೇರಿ ಬೋರ್ಡಿನ ಮೇಲೆ ಒಂದೊಂದೇ ವಾಕ್ಯ ಕಟ್ಟಿದೆವು. ಆ ದಿನ ಹುಡುಗಿಯರು ಬಾಯಿಬಿಟ್ಟು ಇಂಗ್ಲಿಷ್ ಆಡಿದರು. ಈ ಬಸ್ಸಿನಿಂದ ನಮಗೆ ದಿನಾ ತೊಂದರೆಯಾಗುತ್ತಿದೆ. ಈ ಬಸ್ಸಿನಿಂದಾಗಿ ನಾವು ದಿನಾ ತಡ. ನಮ್ಮ ಲೆಕ್ಚರರ್‌ಗೂ ಬೇಸರ. ಕೊನೆಯಲ್ಲಿ ಬೇಡಿಕೆ: ‘ವಿ ರಿಕ್ವೆಸ್ಟ್ ಯು ಟು ಸ್ಟಾಪ್ ದ ಮಾರ್ನಿಂಗ್ ಬಸ್ ನಿಯರ್ ಅವರ್ ಕಾಲೇಜ್.’

ಕ್ಲಾಸ್ ಲೀಡರ್ ಹುಡುಗಿಯ ಅಕ್ಷರ ಮುದ್ದಾಗಿತ್ತು. ಫೇರ್ ಕಾಪಿ ಮಾಡಿ, ಎಲ್ಲರಿಂದ ಸೈನ್ ಹಾಕಿಸಿ, ಅವಳೇ ಬಸ್ ಡಿಪೋಗೆ ಕೊಟ್ಟು ಬಂದಳು.

ಸರ್ಕಾರದ ಕಚೇರಿಗೆ ಬರೆದ ಯಾವ ಅರ್ಜಿಗೂ ಇಷ್ಟು ಬೇಗ ಫಲ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಮುಂದಿನ ಸೋಮವಾರದಿಂದ ಬಸ್ಸು ನಿಂತೇ ಹೋಯಿತು. ಕಾಲೇಜಿನ ಹತ್ತಿರ ಅಲ್ಲ. ಬಸ್ಸೇ ಬರುವುದು ನಿಂತುಹೋಯಿತು.

ಊರೊಳಗಿನ ನಾಲ್ಕಾರು ಮಕ್ಕಳು ಬಿಟ್ಟರೆ ಕ್ಲಾಸು ಖಾಲಿ. ಎರಡನೇ ಪೀರಿಯಡ್ಡೂ ಖಾಲಿ, ಮೂರನೆಯದೂ ಖಾಲಿ. ಲೀಡರ್ ಹುಡುಗಿ ಅಣ್ಣನ ಸೈಕಲ್ಲಿನಲ್ಲಿ ಬಂದು ಅಳುತ್ತಾ ನಿಂತಳು. “ಮೇಡಂ, ನಮ್ಮಪ್ಪ ‘ಬಸ್ಸೇ ಇಲ್ಲ, ಇನ್ ಕಾಲೇಜ್ ಯಾಕೆ, ಮನೇಲಿರು’ ಅಂತಿದಾರೆ. ನಮ್ಮೂರಲ್ಲಿ ಎಲ್ಲಾರ ಮನೇಲೂ ಅದೇ ಮಾತು.” ಇಂಗ್ಲಿಷ್‌ನಲ್ಲಿ ಫೇಲಾಗಿ ಓದು ಬಿಟ್ಟವರನ್ನು ನೋಡಿದ್ದೆ. ಇಂಗ್ಲಿಷ್ ಬರೆದು ಓದು ಬಿಡುವವರನ್ನು ಅವತ್ತೇ ನೋಡಿದ್ದು.

ಡಿಪೋಗೆ ಓಡಿದೆ. ಅಲ್ಲಿನ ಅಧಿಕಾರಿ ನನ್ನನ್ನು ಕೂರಿಸಿ ಟೀ ತರಿಸಿದರು.

“ಬನ್ನಿ ಮೇಡಂ! ಏನ್ ಲೆಟರ್ ಬರೆಸಿದೀರಿ! ಕುಣಿಗಲ್ ಡಿಪೋಗೆ ಇಂಗ್ಲಿಷಲ್ಲಿ ಕಂಪ್ಲೇಂಟ್ ಬಂದಿದ್ದು ಇದೇ ಫಸ್ಟು. ಓದಿದವರು ಇಷ್ಟು ಕಷ್ಟ ಪಡ್ತಾವ್ರೆ ಅಂತ ತಕ್ಷಣ ಆಕ್ಷನ್ ತಗೊಂಡ್ವಿ.”

ಪತ್ರ ಇಸಿದುಕೊಂಡು ನೋಡಿದೆ. ಈ ಬಸ್ಸಿನಿಂದ ದಿನಾ ತೊಂದರೆ. ಈ ಬಸ್ಸಿನಿಂದ ದಿನಾ ತಡ. ಕೊನೆಯಲ್ಲಿ ಮುದ್ದಾದ ಅಕ್ಷರದಲ್ಲಿ: ‘ವಿ ರಿಕ್ವೆಸ್ಟ್ ಯು ಟು ಸ್ಟಾಪ್ ದ ಮಾರ್ನಿಂಗ್ ಬಸ್.’ ಅಷ್ಟೇ. ‘ನಿಯರ್ ಅವರ್ ಕಾಲೇಜ್’ ಇರಲಿಲ್ಲ. ಹಾಳೆಯಲ್ಲಿ ಜಾಗ ಮುಗಿದಿತ್ತಂತೆ.

“ಸಾರ್, ನಿಲ್ಲಿಸಿ ಅಂದ್ರೆ ನಿಲ್ಲಿಸೋದಲ್ಲ. ನಿಲ್ಲಿಸಿ ಅಂತ!”

“ಅದನ್ನೇ ಮಾಡಿದೀವಲ್ಲ ಮೇಡಂ?”

“ನಿಲ್ಲಿಸಬಾರದಿತ್ತು ಸಾರ್, ನಿಲ್ಲಿಸಬೇಕಿತ್ತು!”

ಅವರು ಟೀ ಲೋಟ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. “ಬಿಸಿಲಲ್ಲಿ ಬಂದಿದೀರಿ. ನಿಧಾನವಾಗಿ ಹೋಗಿ ಬರವಣಿಗೇಲಿ ಕೊಡಿ ಮೇಡಂ.”

ಕಾಲೇಜಿಗೆ ಬಂದರೆ ಲೀಡರ್ ಹುಡುಗಿಯೂ ಊರೊಳಗಿನ ಮಕ್ಕಳೂ ಖಡಾಖಂಡಿತವಾಗಿ ಹೇಳಿಬಿಟ್ಟರು. “ಮೇಡಂ, ಈ ಸಲ ಇಂಗ್ಲಿಷ್ ಬೇಡ. ಕನ್ನಡದಲ್ಲೇ ಬರೀತೀವಿ. ಗೊಂದಲ ಇರಲ್ಲ.” ಒಪ್ಪಿಕೊಂಡೆ. ಇಂಗ್ಲಿಷ್ ಲೆಕ್ಚರರ್‌ಗೆ ಅದಕ್ಕಿಂತ ದೊಡ್ಡ ಸೋಲಿಲ್ಲ, ಆದರೂ ಒಪ್ಪಿಕೊಂಡೆ. ಕಾಲೇಜಿನ ಹೆಸರು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ ಅಂದೆ ಅಷ್ಟೇ. ಅವರು ಬರೆದು, ಕನ್ನಡ ಲೆಕ್ಚರರ್‌ಗೆ ತೋರಿಸಿದರು. ಅವರು ಒಂದು ಒತ್ತಕ್ಷರ ತಿದ್ದಿ ‘ಬಹಳ ಸೊಗಸಾಗಿದೆ’ ಅಂದರು. ಪತ್ರ ಹೀಗಿತ್ತು: ‘ನಮ್ಮ ಕಾಲೇಜಿನ ಮುಂದೆ ಹೋಗುವ ಬೆಳಗಿನ ಬಸ್ಸನ್ನು ದಯವಿಟ್ಟು ನಿಲ್ಲಿಸಿಕೊಡಬೇಕಾಗಿ ಪ್ರಾರ್ಥನೆ.’

ಉತ್ತರ ಸೀಲು ಹಾಕಿಸಿಕೊಂಡು ಬಂತು: ‘ತಮ್ಮ ಕೋರಿಕೆಯಂತೆ ಸದರಿ ಬಸ್ಸನ್ನು ಈಗಾಗಲೇ ನಿಲ್ಲಿಸಲಾಗಿದೆ ಎಂದು ತಿಳಿಯಪಡಿಸಲಾಗಿದೆ.’

ಅದನ್ನು ಓದಿ ನಾನು ಸ್ಟಾಫ್ ರೂಮಿನಲ್ಲಿ ತಲೆ ಮೇಲೆ ಕೈಹೊತ್ತು ಕೂತೆ. ನಗು ಬರಲಿಲ್ಲ. ಆ ಹುಡುಗಿಯರು ಮನೆಯಲ್ಲಿ ಕೂತು ಆಗಲೇ ಎರಡನೇ ವಾರ ನಡೆಯುತ್ತಿತ್ತು. ಇನ್ನು ಬರೆಯುವುದೇ ಬೇಡ ಅಂತ ತೀರ್ಮಾನಿಸಿ, ಪ್ರಿನ್ಸಿಪಾಲರನ್ನು ಎಬ್ಬಿಸಿಕೊಂಡು ಹಳ್ಳಿಗಳಿಗೆ ಹೋದೆ. ತಂದೆತಾಯಿಯರನ್ನು ಕಂಡು ಬೇಡಿಕೊಂಡೆವು. ‘ಮಗಳನ್ನ ಬಿಡಿಸಬೇಡಿ, ಬಸ್ಸು ತರಿಸೋದು ನಮ್ಮ ಜವಾಬ್ದಾರಿ’ ಅಂದೆವು. ಆಮೇಲೆ ಅವರನ್ನೂ ಕರೆದುಕೊಂಡು ಡಿಪೋಗೆ ಹೋಗಿ ನಿಂತೆವು. ಯಾರ ಕೈಯಲ್ಲೂ ಒಂದು ಚೀಟಿ ಇರಲಿಲ್ಲ. ಲೀಡರ್ ಹುಡುಗಿಯ ತಂದೆ ಮುಂದೆ ಬಂದು, “ಸ್ವಾಮಿ, ಬಸ್ ಬುಡ್ರಿ” ಅಂದರು. ಅಧಿಕಾರಿಗೆ ತಕ್ಷಣ ಅರ್ಥವಾಯಿತು. ನಾಳೆಯಿಂದಲೇ ಬಸ್ಸು ಬಿಡುವುದಾಗಿ ಮಾತು ಕೊಟ್ಟರು. ಕಾಲೇಜಿನ ಹತ್ತಿರ ನಿಲ್ಲಿಸುವ ವಿಷಯ ಎತ್ತುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಮಾರನೇ ಬೆಳಿಗ್ಗೆ ನಾನೂ ಊರೊಳಗಿನ ಮಕ್ಕಳೂ ಕ್ಲಾಸು ಬಿಟ್ಟು ಗೇಟಿನ ಹತ್ತಿರ ಕಾದೆವು. ದೂರದಲ್ಲಿ ಧೂಳು ಕಂಡಿತು. ಬಸ್ಸು ಬಂತು. ಕಿಟಕಿಗಳ ತುಂಬಾ ನಮ್ಮ ಹುಡುಗಿಯರು, ಎಲ್ಲರೂ ಕೈ ಹೊರಗೆ ಹಾಕಿ ಬೀಸುತ್ತಿದ್ದಾರೆ. ಬಸ್ಸು ನಮ್ಮ ಮುಂದೆಯೇ ಭರ್ರನೆ ಹಾದು, ನಮ್ಮ ಮೈಮೇಲೆಲ್ಲ ಧೂಳು ಎರಚಿ, ಊರೊಳಗೆ ಹೋಯಿತು. ನಾವು ಕುಣಿದಾಡಿ ಚಪ್ಪಾಳೆ ತಟ್ಟಿದೆವು.

ಗಲಾಟೆ ಕೇಳಿ ಪ್ರಿನ್ಸಿಪಾಲರು ಗಾಬರಿಯಿಂದ ಹೊರಗೆ ಓಡಿಬಂದರು.

“ಏನ್ ಮೇಡಂ, ಮತ್ತೆ ಬಸ್ಸು ನಿಲ್ತಾ?”

“ಇಲ್ಲ ಸಾರ್! ನಿಲ್ಲಲಿಲ್ಲ!”

“ಸದ್ಯ!” ಅಂದರು ಪ್ರಿನ್ಸಿಪಾಲರು.